ಕಾಂಡೋಮ್ ಅಂದ ಕೂಡಲೇ ಮೀಸೆ ಯಾಕೆ ಇಳಿಯುತ್ತೆ? ಮಂಡ್ಯ, ಮೈಸೂರು ಕಡೆಯವರು ಹೇಳಿ

ಬೆಲ್ಲದಚ್ಚು
ಊರು ಮಂಡ್ಯ ಪಕ್ಕ. ಕೆಲಸ ಮೈಸೂರಿನ ಹೂಟಗಳ್ಳಿ ಕಡೆ ಫ್ಯಾಕ್ಟರಿಯಲ್ಲಿ. ರೂಮಿನಲ್ಲಿ ನಾವು ಐದು ಜನ. ಹುಡುಗಿಯರ ಬಗ್ಗೆ, ಫೋನಿನಲ್ಲಿ ನೋಡುವ ವಿಡಿಯೋಗಳ ಬಗ್ಗೆ ಎಲ್ಲರೂ ಬಾಯಿ ಬಿಡುತ್ತಾರೆ. ಕಾಂಡೋಮ್ ಮಾತು ಬಂದರೆ ಮಾತ್ರ ಒಬ್ಬ ನಗುತ್ತಾನೆ, ಇನ್ನೊಬ್ಬ ಎದ್ದು ಹೋಗುತ್ತಾನೆ.

ಒಬ್ಬನಿಗೆ ಮದುವೆ ಗೊತ್ತಾಗಿದೆ. ಹುಡುಗಿ ಬಿ.ಎಡ್. ಮುಗಿಸಬೇಕು, ಈಗಲೇ ಮಗು ಬೇಡ ಅಂತ ಇಬ್ಬರಿಗೂ ಇದೆ. ಹಾಗಿದ್ರೆ ತಂದು ಇಟ್ಕೋ ಅಂದೆ. "ಮೊದಲನೇ ದಿನವೇ ಅದನ್ನ ತೆಗೆದರೆ ಇವನು ಎಲ್ಲ ಪಳಗಿದೋನು ಅನ್ಕೊಳಲ್ವಾ?" ಅಂದ. ಇನ್ನೊಬ್ಬ ಆಗಾಗ ಎಲ್ಲೋ ಹೋಗಿ ಬರುತ್ತಾನೆ. ಅವನೂ ಹಾಕುವುದಿಲ್ಲ. ಕೇಳಿದರೆ "ಭಯ ಇರೋನು ಅಲ್ಲಿಗೆ ಯಾಕ್ಲಾ ಹೋಗ್ಬೇಕು" ಅನ್ನುತ್ತಾನೆ.

ನನಗೆ ಅನ್ನಿಸಿದ್ದು ಇಷ್ಟು. ಮನೆಯಲ್ಲಿ ಹಾಕಿದರೆ ಕಚ್ಚೆಹರುಕ ಅನ್ನಿಸಿಕೊಳ್ಳುವ ಭಯ. ಹೊರಗೆ ಹಾಕಿದರೆ ಪುಕ್ಕಲ ಅನ್ನಿಸಿಕೊಳ್ಳುವ ಭಯ. ಎರಡು ಕಡೆಯೂ ಮೈಗಿಂತ ಮೀಸೆಯ ಚಿಂತೆಯೇ ಜಾಸ್ತಿ. ನಿಮ್ಮ ಸುತ್ತಮುತ್ತ ಹೇಗೆ?

ಮಾತ್ರೆಡಬ್ಬಿ
ಮೈಸೂರಿನಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದೇನೆ. ಇದನ್ನು ದಿನಾ ನೋಡುತ್ತೇನೆ. ಅಂಗಡಿಯಲ್ಲಿ ಯಾರಾದರೂ ಇದ್ದರೆ ಆಚೆ ನಿಂತು ಫೋನ್ ನೋಡುತ್ತಿರುತ್ತಾರೆ. ಖಾಲಿಯಾದ ಮೇಲೆ ಬಂದು ಮೊದಲು ಒಂದು ಕೆಮ್ಮಿನ ಔಷಧಿ, ಒಂದು ಪೇಸ್ಟು, ಆಮೇಲೆ ಕಣ್ಣಲ್ಲೇ ಆ ಕಡೆ ತೋರಿಸುತ್ತಾರೆ. ಕೌಂಟರಿನಲ್ಲಿ ನನ್ನ ಹೆಂಡತಿ ಕೂತಿದ್ದರೆ ಕೆಮ್ಮಿನ ಔಷಧಿ ಮಾತ್ರ ವ್ಯಾಪಾರ ಆಗುತ್ತದೆ! ನಾವೂ ಕಮ್ಮಿ ಏನಲ್ಲ, ಕೊಟ್ಟದ್ದನ್ನು ಹಳೇ ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕುತ್ತೇವೆ. ಕದ್ದ ಮಾಲು ಅನ್ನುವ ಹಾಗೆ. ಈಗ ಹುಡುಗರು ಆ್ಯಪ್‌ನಲ್ಲಿ ತರಿಸಿಕೊಳ್ಳುತ್ತಾರೆ, ಆ ಮಟ್ಟಿಗೆ ಪರವಾಗಿಲ್ಲ.

ಆದರೆ ಒಂದು ವಿಚಿತ್ರ ಗಮನಿಸಿ. ಕಾಂಡೋಮ್ ಕೇಳಲು ತೊದಲುವ ಹುಡುಗನೇ ಸೋಮವಾರ ಬೆಳಗ್ಗೆ ಬಂದು ಬಸುರು ತಡೆಯುವ 72 ಗಂಟೆ ಮಾತ್ರೆಯನ್ನು ಗಟ್ಟಿಯಾಗಿ ಕೇಳುತ್ತಾನೆ. ನಾಚಿಕೆ ಇಲ್ಲ. ಯಾಕೆಂದರೆ ನುಂಗುವುದು ಅವಳು. ಆ ಮಾತ್ರೆ ಅಚಾನಕ್ಕಾಗಿ ಏನಾದರೂ ಆದಾಗ ತೆಗೆದುಕೊಳ್ಳಲು ಇರುವುದು, ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ರೋಗ ತಡೆಯುವ ಕೆಲಸ ಅದು ಮಾಡಲ್ಲ. ಇದನ್ನು ಹೇಳಿದರೆ "ಗೊತ್ತು ಗೊತ್ತು" ಅಂತ ಚಿಲ್ಲರೆ ಇಸ್ಕೊಂಡು ಹೋಗುತ್ತಾರೆ.

ಗುತ್ತಲು_ಹೈದ
ಸುಮ್ನೆ ಎಲ್ಲದಕ್ಕೂ ಗಂಡಸ್ತನ ತಂದು ಅಂಟಿಸಬೇಡಿ. ಸುಖ ಕಮ್ಮಿ ಆಗುತ್ತೆ, ಅದಕ್ಕೆ ಹಾಕಲ್ಲ. ಇಷ್ಟೇ. ಇದಕ್ಕೆ ಇಷ್ಟು ದೊಡ್ಡ ಚರ್ಚೆ ಬೇಕಾ ಗುರು?

ಬೆಲ್ಲದಚ್ಚು
ಅಣ್ಣ, ಸುಖದ ಮಾತೇ ಆಗಿದ್ದರೆ ಬಳಸಿ ನೋಡಿದವರು ಅದನ್ನು ಹೇಳಬೇಕು. ನಮ್ಮ ರೂಮಿನಲ್ಲಿ ಹಾಗೆ ಹೇಳಿದ ಮೂರು ಜನರಲ್ಲಿ ಇಬ್ಬರು ಒಂದು ಸಲವೂ ಹಾಕಿಲ್ಲ. ಯಾರೋ ಹೇಳಿದ್ದನ್ನೇ ಹೇಳುತ್ತಾರೆ.

ಮೂರನೇ_ಶಿಫ್ಟ್
ಹೆಸರು ಗೊತ್ತಾಗಲ್ಲ ಅನ್ನುವ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ನಾನೂ ಎಲ್ಲರ ಹತ್ತಿರ "ಫೀಲ್ ಬರಲ್ಲ" ಅಂತಲೇ ಹೇಳುತ್ತೇನೆ. ನಿಜ ಅದಲ್ಲ. ಪ್ಯಾಕೆಟ್ ಹರಿದು, ಯಾವ ಕಡೆ ಬಿಚ್ಚಿಕೊಳ್ಳುತ್ತೆ ಅಂತ ಹುಡುಕುವುದರೊಳಗೆ ಇಳಿದು ಹೋಗುತ್ತದೆ. ಹೆಂಡತಿ ಸುಮ್ಮನೆ ನೋಡುತ್ತಿರುತ್ತಾಳೆ. ಆ ಅರ್ಧ ನಿಮಿಷ ಇದೆಯಲ್ಲ, ಪರೀಕ್ಷೆ ಹಾಲ್‌ನಲ್ಲಿ ಎಲ್ಲ ಮರೆತು ಹೋದ ಹಾಗೆ. ಇವನ ಕೈಲಿ ಆಗಲ್ಲ ಅಂದುಕೊಂಡರೆ ಅನ್ನುವ ಭಯ. ಅದಕ್ಕಿಂತ ಹಾಕದೇ ಇರುವುದೇ ವಾಸಿ ಅನ್ನಿಸಿಬಿಡುತ್ತೆ. ಫ್ರೆಂಡ್ಸ್ ಹತ್ತಿರ ಇದನ್ನು ಹೇಳಿದರೆ ನಾಳೆಯಿಂದ ನನಗೆ ಹೊಸ ಹೆಸರು ಇಡುತ್ತಾರೆ.

ನನ್ನಂತೆ ಇನ್ನೂ ಯಾರಾದರೂ ಇದ್ದೀರಾ, ಇಲ್ಲಾ ನನಗೇನಾದರೂ ಕಾಯಿಲೆನಾ?

ಆಪ್ತಮಾತು
ಕಾಯಿಲೆ ಅಲ್ಲ. ನಾನು ಆಪ್ತ ಸಮಾಲೋಚಕಿ. ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ತುಂಬಾ ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ಮಾತನ್ನು ಎಷ್ಟು ಗಂಡಸರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ ಮೊದಲ ಹತ್ತು ನಿಮಿಷ ಯಾರೂ ಇದನ್ನು ಹೇಳುವುದಿಲ್ಲ. "ಅಲರ್ಜಿ ಮೇಡಂ", "ಸೈಜ್ ಸಾಲಲ್ಲ ಮೇಡಂ" ಅಂತ ಶುರು ಮಾಡುತ್ತಾರೆ. ಅಲರ್ಜಿ ಕೆಲವರಿಗೆ ಇರುವುದು ನಿಜ, ಅಂಥವರಿಗೆ ಲೇಟೆಕ್ಸ್ ಇಲ್ಲದ ಕಾಂಡೋಮ್ ಸಿಗುತ್ತದೆ. ಸೈಜ್ ವಿಷಯ ಬಂದಾಗ ನಾನು ಒಂದನ್ನು ತೆಗೆದು ಮುಷ್ಟಿಯಿಂದ ಮೊಣಕೈವರೆಗೆ ಹಾಕಿಕೊಂಡು ತೋರಿಸುತ್ತಿದ್ದೆ. ಆಮೇಲೆ ಯಾರೂ ಮಾತಾಡುತ್ತಿರಲಿಲ್ಲ.

ಗಾಬರಿಯಾದಾಗ ಮೈ ಹಿಂದೆ ಸರಿಯುತ್ತದೆ, ಅದು ಸಹಜ. ಒಬ್ಬರೇ ಇದ್ದಾಗ ಎರಡು ಮೂರು ಸಲ ಹಾಕಿ ತೆಗೆದು ಅಭ್ಯಾಸ ಮಾಡಿಕೊಳ್ಳಿ. ಕೈಗೆ ರೂಢಿಯಾದರೆ ತಲೆ ಹಗುರ ಆಗುತ್ತದೆ. ಮೊದಲೇ ಪ್ಯಾಕೆಟ್ ಪಕ್ಕದಲ್ಲಿ ಇಟ್ಟುಕೊಳ್ಳಿ. ಹಲ್ಲಿನಿಂದ ಹರಿಯಬೇಡಿ. ತುದಿಯನ್ನು ಬೆರಳಲ್ಲಿ ಹಿಡಿದು ಗಾಳಿ ತೆಗೆದು ಬಿಚ್ಚಿಕೊಳ್ಳುತ್ತಾ ಹೋಗಬೇಕು. ಉಲ್ಟಾ ಇಟ್ಟಿದ್ದರೆ ಅದನ್ನೇ ತಿರುಗಿಸಿ ಹಾಕಬೇಡಿ, ಬಿಸಾಕಿ ಬೇರೆ ತೆಗೆಯಿರಿ. ಹೆಂಡತಿಗೂ ಹೇಳಿ, ಆಕೆಯ ಕೈಯಿಂದಲೇ ಹಾಕಿಸಿಕೊಳ್ಳುವವರೂ ಇದ್ದಾರೆ. ಆಗ ಅದು ಮಧ್ಯೆ ಬಂದ ಅಡ್ಡಿ ಅನ್ನಿಸುವುದಿಲ್ಲ.

ಇನ್ನೊಂದು. ನಮ್ಮ ಕಡೆ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ಜಾಸ್ತಿ. ಎಣ್ಣೆ, ವ್ಯಾಸಲಿನ್ ತಾಗಿದರೆ ಲೇಟೆಕ್ಸ್ ನಿಮಿಷಗಳಲ್ಲೇ ದುರ್ಬಲವಾಗಿ ಹರಿಯುತ್ತದೆ. ನೀರಿನ ಜೆಲ್ ಮಾತ್ರ ಬಳಸಿ. ಪರ್ಸಿನಲ್ಲಿ, ಬೈಕ್ ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಬಿಸಿಗೆ ಹಾಳಾಗಿರುತ್ತದೆ. ಡಬಲ್ ಭದ್ರ ಅಂತ ಎರಡೆರಡು ಹಾಕುವ ಶೂರರೂ ಇದ್ದಾರೆ, ಉಜ್ಜಿ ಎರಡೂ ಹರಿಯಬಹುದು.

ಮಾತ್ರೆಡಬ್ಬಿ
ಮೇಡಂ ಹೇಳಿದ ಆ ಭಯವೇ ಇನ್ನೊಂದು ವ್ಯಾಪಾರ ನಡೆಸುತ್ತಿದೆ. ಇಪ್ಪತ್ತೈದು ವರ್ಷದ ಗಟ್ಟಿಮುಟ್ಟಾದ ಹುಡುಗರು "ಪವರ್ ಮಾತ್ರೆ" ಕೇಳಿಕೊಂಡು ಬರುತ್ತಾರೆ. ಚೀಟಿ ಇಲ್ಲದೆ ಕೊಡಲ್ಲ ಅಂದರೆ ಜಗಳ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನೂ ನುಂಗಿದರೆ ಬಿಪಿ ಪಾತಾಳಕ್ಕೆ ಇಳಿದು ಪ್ರಾಣ ಹೋಗಬಹುದು.

ಮಟ್ಟಿಮಣ್ಣು
ಗರಡಿ ಹುಡುಗ ನಾನು. ಮೈಸೂರಿನ ಹಳೇ ಮೊಹಲ್ಲಾಗಳಲ್ಲಿ ಬೆಳೆದವರಿಗೆ ಗರಡಿ ಅಂದರೆ ಏನು ಅಂತ ಹೇಳಬೇಕಿಲ್ಲ. ದಸರಾ ಕುಸ್ತಿ ಹತ್ತಿರ ಬಂದರೆ ಉಸ್ತಾದ್ ಮೊದಲು ಹೇಳುವ ಮಾತು ಕಚ್ಚೆ ಭದ್ರ ಇರಲಿ ಅಂತ. ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ ಅನ್ನುವ ಲೆಕ್ಕ ಚಿಕ್ಕಂದಿನಿಂದ ಕೇಳಿದ್ದೇವೆ. ರಾತ್ರಿ ಬಟ್ಟೆ ಒದ್ದೆಯಾದರೆ ಮಾರನೇ ದಿನ ಬಸ್ಕಿ ಹೊಡೆಯಲು ಕಾಲೇ ಬರುತ್ತಿರಲಿಲ್ಲ. ಶಕ್ತಿ ಹೋಯಿತು ಅನ್ನುವ ಹೆದರಿಕೆಗೇ ಅರ್ಧ ಶಕ್ತಿ ಹೋಗುತ್ತಿತ್ತು.

ಉಸ್ತಾದರನ್ನು ಬೈಯಲು ಬರೆದದ್ದಲ್ಲ. ಅವರು ಹೇಳಿದ್ದು ಮೈ ಮೇಲೆ ಹಿಡಿತ ಇರಬೇಕು ಅಂತ. ನಮ್ಮ ಹುಡುಗರು ಅರ್ಧ ಮಾತ್ರ ಹಿಡಿದುಕೊಂಡರು. ವೀರ್ಯ ಅಂದರೆ ಬಂಗಾರ, ಅದನ್ನು ರಬ್ಬರಿಗೆ ಸುರಿಯಬಾರದು ಅನ್ನುವಲ್ಲಿಗೆ ಬಂದು ನಿಂತರು. ಹಿಡಿತದ ಮಾತು ಎಲ್ಲಿ ಹೋಯಿತೋ! ನನ್ನನ್ನು ಕೇಳಿದರೆ ಎದುರಿಗಿರುವವಳಿಗೆ ತೊಂದರೆ ಆಗದಂತೆ ಒಂದು ನಿಮಿಷ ತಡೆದು ಹಾಕಿಕೊಳ್ಳುವುದೂ ಸಾಮೇ.

ಆಪ್ತಮಾತು
ಹೌದು ತಮ್ಮ. ಈ ಧಾತು ಹೋಗುವ ಭಯಕ್ಕೆ ಮನೋವೈದ್ಯರು 1960ರ ದಶಕದಲ್ಲೇ ಹೆಸರು ಕೊಟ್ಟು ಬರೆದಿದ್ದಾರೆ. ವೀರ್ಯ ಮೈಯಲ್ಲಿ ದಿನಾ ತಯಾರಾಗುತ್ತಲೇ ಇರುತ್ತದೆ, ಕೂಡಿಟ್ಟು ಬೆಳೆಸುವ ಆಸ್ತಿಯಲ್ಲ. ಆದರೆ ಬಸ್ ಸ್ಟ್ಯಾಂಡ್ ಗೋಡೆಗಳಲ್ಲಿ "ಗುಪ್ತರೋಗ, ನರದೌರ್ಬಲ್ಯ" ಅಂತ ಬರೆದು ಲಾಡ್ಜಿನಲ್ಲಿ ಕೂತು ಸಾವಿರಗಟ್ಟಲೆ ಕೀಳುವವರಿಗೆ ಈ ಭಯವೇ ಬಂಡವಾಳ. ನಿಜವಾಗಿ ಉರಿಮೂತ್ರ, ಕೀವು, ಹುಣ್ಣು ಇರುವವನೂ ಅಲ್ಲಿಗೇ ಹೋಗುತ್ತಾನೆ. ತಿಂಗಳು ಲೇಹ್ಯ ತಿಂದು, ಅಷ್ಟರಲ್ಲಿ ಹೆಂಡತಿಗೂ ಅಂಟಿಸಿರುತ್ತಾನೆ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಇದೆ, ಇದಕ್ಕೆಲ್ಲ ಮಾತ್ರೆ ಪುಕ್ಕಟೆ. ಗಂಡ ಹೆಂಡತಿ ಇಬ್ಬರೂ ತೆಗೆದುಕೊಳ್ಳಬೇಕು. ಒಬ್ಬರೇ ತೆಗೆದುಕೊಂಡರೆ ಮತ್ತೆ ಅಂಟುತ್ತದೆ.

ಎರಡೆಳೆ_ಮಲ್ಲಿಗೆ
ಇಷ್ಟು ಹೊತ್ತು ಗಂಡಸರ ಭಯದ ಕಥೆಯೇ ಆಯಿತು. ನಮ್ಮದೂ ಸ್ವಲ್ಪ ಕೇಳಿ.

ಮೊದಲ ಮಗು ಆದ ಮೇಲೆ ಮೂರು ವರ್ಷ ಅಂತರ ಬೇಕು ಅಂತ ಡಾಕ್ಟರ್ ಹೇಳಿದ್ದರು. ಕಾಂಡೋಮ್ ತನ್ನಿ ಅಂತ ನಾನೇ ಬಾಯಿ ಬಿಟ್ಟು ಕೇಳಿದೆ. "ಇದೆಲ್ಲ ನಿನಗೆ ಯಾರು ಹೇಳಿಕೊಟ್ಟರು?" ಅಂತ ಮೊದಲ ಪ್ರಶ್ನೆ. ಡಾಕ್ಟರಮ್ಮ ಅಂದೆ. ನಂಬಲಿಲ್ಲ. ಎರಡು ದಿನ ನನ್ನ ಫೋನ್ ನೋಡಿದರು. ಗಂಡಸು ಕೇಳಿದರೆ ಪಳಗಿದವನು, ಹೆಂಗಸು ಕೇಳಿದರೆ ಕೆಟ್ಟವಳು. ಆಮೇಲೆ ನಾನು ಕೇಳಲಿಲ್ಲ, ಹದಿನೈದು ತಿಂಗಳಿಗೆ ಎರಡನೆಯದು.

ಎರಡನೇ ಹೆರಿಗೆ ಆದ ತಕ್ಷಣ ಮುಂದೆ ಮಕ್ಕಳಾಗದ ಹಾಗೆ ಆಪ್ರೇಷನ್. ಅದೂ ನನಗೇ. ಹೊಟ್ಟೆ ಕುಯ್ಸಿಕೊಂಡು ಹೆತ್ತವಳಿಗೇ ಮತ್ತೆ ಇದೂ. ಇವರಿಗೆ ಮಾಡಿಸೋಣವಾ ಅಂತ ನರ್ಸಮ್ಮ ಕೇಳಿದ್ದಕ್ಕೆ ನಮ್ಮತ್ತೆ "ಅವನು ಗದ್ದೆ ಉಳೋನು, ಅವನಿಗೆ ಮಾಡ್ಸಿ ಮೂಲೇಲಿ ಕೂರ್ಸದಾ?" ಅಂದರು. ಯಜಮಾನರು ಕಾರಿಡಾರಿನಲ್ಲೇ ಇದ್ದರು. ಅವರನ್ನು ಯಾರೂ ಕೇಳಲೇ ಇಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದರೋ, ಅದೂ ಗೊತ್ತಾಗಲಿಲ್ಲ.

ಅಂಕಿಅಂಶದ_ಮಗ
ಅಕ್ಕನ ಮನೆ ಕಥೆ ಇಡೀ ರಾಜ್ಯದ ಕಥೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಆಪ್ರೇಷನ್ ಆದವರು. ಗಂಡನಿಗೆ ಆಪ್ರೇಷನ್ ಆದ ಮನೆ ನೂರಕ್ಕೆ ಒಂದೂ ಇಲ್ಲ. ಇಡೀ ದೇಶದಲ್ಲಿ ಕಾಂಡೋಮ್ ಬಳಸುವ ಜೋಡಿಗಳು ನೂರಕ್ಕೆ ಹತ್ತಕ್ಕಿಂತ ಕಮ್ಮಿ. ಅದೇ ಸಮೀಕ್ಷೆಯಲ್ಲಿ ಗಂಡಸರನ್ನು ಕೇಳಿದ್ದಾರೆ, ಗರ್ಭ ತಡೆಯುವುದು ಹೆಂಗಸರ ವಿಷಯ, ಗಂಡಸು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಅನ್ನುವಿರಾ ಅಂತ. ದೇಶದಲ್ಲಿ ನೂರಕ್ಕೆ 35 ಜನ ಹೌದು ಅಂದಿದ್ದಾರೆ. ಇವರು ಬಾಯಿ ಬಿಟ್ಟು ಹೇಳಿದವರು ಮಾತ್ರ.

ಹಳೇ_ಮೇಷ್ಟ್ರು
ನಾನು ನಿವೃತ್ತ ಉಪಾಧ್ಯಾಯ, ಈ ಮಾತಿಗೆ ನನಗೆ ವಯಸ್ಸು ಮೀರಿದೆ ಅಂತ ಮೊಮ್ಮಕ್ಕಳು ನಗಬಹುದು. ಆದರೂ ಎರಡು ಸಂಗತಿ ಸೇರಿಸುತ್ತೇನೆ.

ಗಂಡಸರು ಆಪ್ರೇಷನ್‌ಗೆ ಹೆದರುವುದಕ್ಕೆ ಬರೀ ಮೀಸೆ ಕಾರಣ ಅಂದರೆ ಪೂರ್ತಿ ನ್ಯಾಯ ಆಗಲ್ಲ. ತುರ್ತು ಪರಿಸ್ಥಿತಿ ಕಾಲ ನೆನಪಿದೆ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಆಪ್ರೇಷನ್ ಆಯಿತು. ಮೇಷ್ಟ್ರುಗಳಿಗೂ ಇಷ್ಟು ಜನರನ್ನು ಕರೆತನ್ನಿ ಅಂತ ಗುರಿ ಕೊಡುತ್ತಿದ್ದರು. ಉತ್ತರದ ಕಡೆ ಹಿಡಿದು ಎಳೆದುಕೊಂಡು ಹೋದ ಸುದ್ದಿ ಇಲ್ಲಿಗೂ ಬರುತ್ತಿತ್ತು. ಆ ಭಯ ಮನೆಮನೆಯಲ್ಲಿ ಉಳಿಯಿತು. ಆಮೇಲೆ ಸರ್ಕಾರಗಳು ಗಂಡಸರ ಗೊಡವೆಯೇ ಬೇಡ ಅಂತ ಹೆಂಗಸರ ಕಡೆ ತಿರುಗಿದವು. ಹೆಂಗಸರು ಎದುರು ಮಾತಾಡಲ್ಲ, ಅಷ್ಟೇ ಕಾರಣ.

ಇನ್ನೊಂದು ನಮ್ಮ ಹೆಮ್ಮೆಯ ವಿಷಯ, ಮೈಸೂರಿನವರೇ ಮರೆತಿದ್ದಾರೆ. 1930ರಲ್ಲಿ, ನಾಲ್ವಡಿಯವರ ಕಾಲದಲ್ಲಿ, ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಮಾಡಿತು. ಒಂದು ಸರ್ಕಾರವೇ ಹೀಗೆ ಮಾಡಿದ್ದು ಜಗತ್ತಿನಲ್ಲೇ ಮೊದಲು ಅನ್ನುತ್ತಾರೆ. ಇಷ್ಟು ವರ್ಷದ ಮೇಲೆ ಅದೇ ಊರಿನಲ್ಲಿ ಕಪ್ಪು ಕವರ್ ಕೇಳುತ್ತಿದ್ದೇವೆ.

ಗುತ್ತಲು_ಹೈದ
ಮೇಷ್ಟ್ರೇ, ಇತಿಹಾಸ ಸರಿ. ಆದರೆ ಗಂಡಸರ ಆಪ್ರೇಷನ್ ಆದರೆ ಅದು ಕೆಲಸ ಮಾಡಲ್ಲ, ಭಾರ ಎತ್ತೋಕಾಗಲ್ಲ ಅನ್ನುವುದು ನಿಜ ತಾನೇ? ನಮ್ಮ ಊರಿನಲ್ಲಿ ಒಬ್ಬರು ಮಾಡಿಸಿಕೊಂಡು ಸೊರಗಿ ಹೋದರು.

ಆಪ್ತಮಾತು
ಇಲ್ಲ. ವೀರ್ಯಾಣು ಸಾಗುವ ಎರಡು ಸಣ್ಣ ನಾಳಗಳನ್ನು ಕಟ್ಟುತ್ತಾರೆ, ಬೇರೇನೂ ಮುಟ್ಟುವುದಿಲ್ಲ. ಗಂಡು ಹಾರ್ಮೋನ್ ರಕ್ತದಲ್ಲಿ ಹೋಗುತ್ತದೆ, ಆ ನಾಳದಲ್ಲಿ ಅಲ್ಲ. ಆಸೆ, ಬಲ, ಗಡ್ಡ, ಮೀಸೆ ಎಲ್ಲ ಹಾಗೇ ಇರುತ್ತವೆ. ವೀರ್ಯವೂ ಬರುತ್ತದೆ, ಅದರಲ್ಲಿ ವೀರ್ಯಾಣು ಇರುವುದಿಲ್ಲ ಅಷ್ಟೇ. ಚಾಕು ಹಾಕದ ವಿಧಾನ 1974ರಲ್ಲಿ ಚೀನಾದಲ್ಲಿ ಶುರುವಾಯಿತು. ಅರಿವಳಿಕೆ ಸೂಜಿ ಕೊಟ್ಟು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ, ಹೊಲಿಗೆ ಇಲ್ಲ, ಅವತ್ತೇ ಮನೆಗೆ. ಭಾರದ ಕೆಲಸ ಒಂದು ವಾರ ಬಿಟ್ಟರೆ ಸಾಕು. ಹೆಂಗಸರದಕ್ಕಿಂತ ಸುಲಭ, ಅಪಾಯವೂ ಕಮ್ಮಿ.

ಎರಡು ಎಚ್ಚರಿಕೆ ಮಾತ್ರ. ಮಾಡಿಸಿದ ಮೇಲೆ ಮೂರು ತಿಂಗಳು ಕಾಂಡೋಮ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಹೆಂಡತಿ ಬಸುರಾಗಿ, ಅವಳ ಮೇಲೆ ಅನುಮಾನ ಪಟ್ಟ ಕಥೆಗಳೆಲ್ಲ ಇಲ್ಲೇ ಹುಟ್ಟುವುದು. ಇನ್ನೊಂದು, ಆಪ್ರೇಷನ್ ಮಗು ತಡೆಯುತ್ತದೆ, ರೋಗ ತಡೆಯುವುದಿಲ್ಲ. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಗಂಡಸರ ಆಪ್ರೇಷನ್‌ಗಾಗಿಯೇ ಪಾಕ್ಷಿಕ, ಅಂದರೆ ಎರಡು ವಾರದ ಅಭಿಯಾನ, ನಡೆಯುತ್ತದೆ. ಬಂದವರಲ್ಲಿ ಅರ್ಧ ಜನ ಊರಲ್ಲಿ ಗೊತ್ತಾಗಬಾರದು ಅಂತ ಕೈ ಮುಗಿಯುತ್ತಾರೆ.

ರಾತ್ರಿ_ಬಸ್ಸು
ಇಲ್ಲಿ ಎಲ್ಲರೂ ಗಂಡ ಹೆಂಡತಿ ಅಂತಲೇ ಬರೆಯುತ್ತಿದ್ದೀರಿ. ನಾನು ಗಂಡಸರನ್ನು ಇಷ್ಟಪಡುವ ಗಂಡಸು. ನಮ್ಮಲ್ಲೂ ಇದೇ ಗಂಡಸ್ತನದ ಕಾಟ, ಬೇರೆ ವೇಷದಲ್ಲಿ. "ಪಂಥಿ" ಅನ್ನಿಸಿಕೊಂಡವನು, ಅಂದರೆ ಮೇಲಿನವನು, ತಾನು ಪಕ್ಕಾ ಗಂಡಸು ಅಂದುಕೊಂಡಿರುತ್ತಾನೆ. ಏನಾದರೂ ಆಗುವುದಿದ್ದರೆ ಕೆಳಗಿನವನಿಗೆ, ನನಗೇನೂ ಆಗಲ್ಲ ಅನ್ನುವ ಲೆಕ್ಕ. ಇಬ್ಬರಿಗೂ ಅಂಟುತ್ತದೆ, ಕೆಳಗಿನವನಿಗೆ ಅಪಾಯ ಜಾಸ್ತಿ ಅನ್ನುವುದಷ್ಟೇ ನಿಜ. ಹಾಕಿಕೋ ಅಂದರೆ "ನಾನೇನು ಹಾಗೆ ಕಂಡವರ ಹತ್ತಿರ ಹೋಗ್ತೀನಾ, ನನಗೆ ಹೆಂಡತಿ ಮಕ್ಕಳಿದ್ದಾರೆ" ಅನ್ನುತ್ತಾರೆ. ಹೆಂಡತಿ ಇರುವುದೇ ಸರ್ಟಿಫಿಕೇಟು! 2018ರಲ್ಲಿ ಸುಪ್ರೀಂ ಕೋರ್ಟ್ ನಮ್ಮನ್ನು ಅಪರಾಧಿಗಳಲ್ಲ ಅಂದ ಮೇಲೂ ಡಾಕ್ಟರ್ ಹತ್ತಿರ ನಿಜ ಹೇಳಲು ಇನ್ನೂ ಗಂಟಲು ಕಟ್ಟುತ್ತದೆ.

ಆಪ್ತಮಾತು
ಒಳ್ಳೆ ಮಾತು ತಂದಿರಿ. ಮೈಸೂರಿನಲ್ಲಿ ಗಂಡಸರ ಈ ಹಠಕ್ಕೆ ಸರಿಯಾಗಿ ಎದುರು ನಿಂತವರು ಲೈಂಗಿಕ ಕಾರ್ಯಕರ್ತೆಯರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2004ರ ಹೊತ್ತಿಗೆ ಶುರುವಾದ ಅವರದೇ ಸಂಘ ಆಶೋದಯದ ಕೆಲಸ ನೋಡಿ. ಅವರವರೇ ಲಾಡ್ಜು, ರಸ್ತೆ ಅಂತ ತಿರುಗಿ ಒಬ್ಬರಿಗೊಬ್ಬರು ಹೇಳಿಕೊಂಡರು. ಅದಕ್ಕೆ ಮೊದಲು ಗಿರಾಕಿ ನೂರು ರೂಪಾಯಿ ಜಾಸ್ತಿ ಕೊಟ್ಟು ಬೇಡ ಅಂದರೆ ಒಂಟಿ ಹೆಂಗಸು ಏನು ಮಾಡುತ್ತಾಳೆ? ಇವಳು ಒಲ್ಲೆ ಅಂದರೆ ಪಕ್ಕದವಳ ಹತ್ತಿರ ಹೋಗುತ್ತಾನೆ. ಎಲ್ಲರೂ ಒಟ್ಟಾಗಿ ಒಲ್ಲೆ ಅಂದಾಗ ಅವನಿಗೆ ಬೇರೆ ದಾರಿ ಇರಲಿಲ್ಲ. ಉಪದೇಶಕ್ಕೆ ಬಗ್ಗದ ಗಂಡಸು ಅಲ್ಲಿ ಬಗ್ಗಿದ. ಆದರೆ ಅದೇ ಗಂಡಸು ಮನೆಗೆ ಹೋಗಿ ಹೆಂಡತಿ ಹತ್ತಿರ ಹಾಕುವುದಿಲ್ಲ. ಮನೆಯಲ್ಲಿರುವವಳಿಗೆ ಸಂಘ ಇಲ್ಲವಲ್ಲ. ನಮ್ಮಲ್ಲಿಗೆ ಬಂದ ಎಷ್ಟೋ ಎಚ್‌ಐವಿ ಇರುವ ಹೆಣ್ಣುಮಕ್ಕಳು ಗಂಡನನ್ನು ಬಿಟ್ಟು ಇನ್ನೊಬ್ಬರ ಮುಖ ಕಂಡವರಲ್ಲ.

ರಾತ್ರಿ ಬಸ್ಸಿನವರೇ, ಅಪಾಯ ಜಾಸ್ತಿ ಇರುವವರು ಎಚ್‌ಐವಿ ಅಂಟದಂತೆ ಮೊದಲೇ ತೆಗೆದುಕೊಳ್ಳುವ ಪ್ರೆಪ್ ಮಾತ್ರೆ ಬಗ್ಗೆ ವೈದ್ಯರನ್ನು ಕೇಳಿ. ಇದನ್ನು ದೇಶದಲ್ಲಿ ಪ್ರಯೋಗ ಮಾಡಿ ನೋಡಿದ ಮೊದಲ ಊರುಗಳಲ್ಲಿ ಮೈಸೂರೂ ಒಂದು. ಪ್ರೆಪ್ ಎಚ್‌ಐವಿಗೆ ಮಾತ್ರ, ಸಿಫಿಲಿಸ್‌ನಂಥದ್ದಕ್ಕೆ ಕಾಂಡೋಮ್ ಬೇಕೇ ಬೇಕು.

ಎರಡೆಳೆ_ಮಲ್ಲಿಗೆ
"ಮನೆಯಲ್ಲಿರುವವಳಿಗೆ ಸಂಘ ಇಲ್ಲ." ಮೇಡಂ, ಸ್ತ್ರೀಶಕ್ತಿ ಸಂಘದಲ್ಲಿ ಸಾಲದ ಮಾತು ಮುಗಿದ ಮೇಲೆ ಇದನ್ನೂ ಎತ್ತಬೇಕು ಅನ್ನಿಸುತ್ತಿದೆ. ಮೊದಲ ದಿನ ಎಲ್ಲರೂ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಾರೆ, ಗ್ಯಾರಂಟಿ. ಆಶಾ ಅಕ್ಕನ ಹತ್ತಿರವೇ ಕಾಂಡೋಮ್ ಸಿಗುತ್ತದೆ ಅಂತ ಎಷ್ಟು ಜನಕ್ಕೆ ಗೊತ್ತು?

ಮಳವಳ್ಳಿ_ಎರಡೆಕ್ರೆ
ಎಲ್ಲ ಓದಿದೆ. ನನ್ನದು ಬೇರೆ ಥರ. ವಯಸ್ಸು 37. ಎರಡು ಎಕರೆ ಇದೆ, ಹಸು ಇದೆ, ಹೆಣ್ಣು ಸಿಗಲಿಲ್ಲ. 2023ರಲ್ಲಿ ನಮ್ಮ ಜಿಲ್ಲೆಯಿಂದ ಮದುವೆಯಾಗದ ಹುಡುಗರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ಎಲ್ಲರೂ ತಮಾಷೆ ಮಾಡಿದರು. ನಮಗೆ ಅದು ತಮಾಷೆ ಆಗಿರಲಿಲ್ಲ. ಊರಲ್ಲಿ ಮದುವೆಯಾಗದವನನ್ನು ಅರ್ಧ ಗಂಡಸು ಅನ್ನುವಂತೆ ನೋಡುತ್ತಾರೆ. ಹಾಗಾಗಿ ತಿಂಗಳಿಗೊಮ್ಮೆ ಫ್ರೆಂಡ್ಸ್ ಜೊತೆ ಹೋಗುತ್ತೇನೆ. ಅಲ್ಲಿ ಒಬ್ಬನೇ ಕಾಂಡೋಮ್ ತೆಗೆದರೆ ಇಡೀ ದಾರಿ ಗೇಲಿ ಮಾಡುತ್ತಾರೆ. ತೆಗೆಯಲಿಲ್ಲ.

ಈಗ ಒಂದು ಕಡೆ ಸಂಬಂಧ ಕೂಡಿ ಬರುತ್ತಿದೆ. ಹುಡುಗಿ ಒಳ್ಳೆಯವಳು. ಪರೀಕ್ಷೆ ಮಾಡಿಸಿಕೊಳ್ಳಬೇಕು ಅಂತ ಇದೆ. ತಾಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವವರಲ್ಲಿ ಅರ್ಧ ಜನ ನಮ್ಮ ಕಡೆಯವರೇ. ಏನು ಮಾಡಲಿ?

ಆಪ್ತಮಾತು
ಅಣ್ಣ, ನಿಮ್ಮ ತಾಲೂಕಿಗೇ ಹೋಗಬೇಕು ಅಂತ ಇಲ್ಲ. ಮಂಡ್ಯ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಎಲ್ಲಿಗೆ ಬೇಕಾದರೂ ಹೋಗಬಹುದು. ಪುಕ್ಕಟೆ. ಹೆಸರು ಬರೆದುಕೊಳ್ಳುತ್ತಾರೆ, ಆದರೆ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬೇರೆಯವರಿಗೆ ಹೇಳುವಂತಿಲ್ಲ. 2017ರ ಎಚ್‌ಐವಿ ಕಾಯ್ದೆಯಲ್ಲೇ ಇದೆ. ಮೊದಲು ಮಾತಾಡಬೇಕು ಅನ್ನಿಸಿದರೆ 1097ಕ್ಕೆ ಫೋನ್ ಮಾಡಿ, ಅದೂ ಪುಕ್ಕಟೆ.

ಕೊನೆಯ ಸಲ ಹೋಗಿ ಮೂರು ತಿಂಗಳು ತುಂಬಿರದಿದ್ದರೆ ಈಗ ಒಮ್ಮೆ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಿ. ಅಲ್ಲಿಯವರೆಗೆ ಹೋಗುವುದನ್ನು ನಿಲ್ಲಿಸಿ, ಇಲ್ಲವೇ ಕಾಂಡೋಮ್ ಹಾಕಿ. ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಮೂರು ದಿನದೊಳಗೆ ಅಪಾಯ ಆಗಿದ್ದರೆ ಮಾತ್ರ ಕಾಯಬೇಡಿ, ಇವತ್ತೇ ಹೋಗಿ. ಎಚ್‌ಐವಿ ತಡೆಯಲು 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳುವ ಮಾತ್ರೆ ಇದೆ, ವೈದ್ಯರು ನೋಡಿ ತೀರ್ಮಾನ ಮಾಡುತ್ತಾರೆ.

ಒಂದು ವೇಳೆ ಎಚ್‌ಐವಿ ಇದೆ ಅಂತ ಬಂದರೂ ಬದುಕು ಮುಗಿಯಲ್ಲ. ಚಿಕಿತ್ಸೆ 2004ರಿಂದ ಸರ್ಕಾರದಲ್ಲಿ ಉಚಿತ. ಬಿಡದೆ ಮಾತ್ರೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಕಾಣದಷ್ಟು ಕಮ್ಮಿಯಾಗಿ ಹಾಗೇ ಉಳಿದರೆ ಸಂಭೋಗದಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಹುಡುಗಿಗೆ ಮದುವೆಗೆ ಮೊದಲು ಹೇಳಬೇಕು, ಅಷ್ಟೇ. ಹೇಗೆ ಹೇಳುವುದು ಅನ್ನುವುದಕ್ಕೂ ಅಲ್ಲಿಯ ಸಮಾಲೋಚಕರು ಜೊತೆಗಿರುತ್ತಾರೆ.

ಮಳವಳ್ಳಿ_ಎರಡೆಕ್ರೆ
ಮೂರು ದಿನದ ಲೆಕ್ಕ ದಾಟಿದೆ ಮೇಡಂ. ಮೈಸೂರಿಗೇ ಹೋಗುತ್ತೇನೆ, ಗೊಬ್ಬರ ತರುವ ನೆಪ ಹೇಳಿ.

ಬೆಲ್ಲದಚ್ಚು
ಅಣ್ಣ, ಒಬ್ಬರೇ ಹೋಗುವುದು ಬೇಡ ಅನ್ನಿಸಿದರೆ ನನಗೆ ಮೆಸೇಜ್ ಹಾಕಿ. ಶಿಫ್ಟ್ ಇಲ್ಲದ ದಿನ ಬರುತ್ತೇನೆ. ನನ್ನದೂ ಒಮ್ಮೆ ಮಾಡಿಸಿಕೊಂಡರಾಯಿತು.

ಗುತ್ತಲು_ಹೈದ
ಎಲ್ಲ ಸರಿ. ಮೇಲೆ ನೀರಿನ ಜೆಲ್ ಅಂದರಲ್ಲ, ಮೆಡಿಕಲ್‌ನಲ್ಲಿ ಏನಂತ ಕೇಳಬೇಕು? ಫ್ರೆಂಡ್ ಒಬ್ಬ ಕೇಳ್ತಿದ್ದ.

ಮಾತ್ರೆಡಬ್ಬಿ
"ವಾಟರ್ ಬೇಸ್ಡ್ ಲೂಬ್ರಿಕೆಂಟ್" ಅಂತ ಕೇಳಲಿ. ಬಾಯಿ ಬರದಿದ್ದರೆ ಫೋನಿನಲ್ಲಿ ಬರೆದು ತೋರಿಸಲಿ. ಕೆಮ್ಮಿನ ಔಷಧಿ ಜೊತೆಗೆ ಕೊಳ್ಳಬೇಕು ಅನ್ನುವ ನಿಯಮ ಏನಿಲ್ಲ ಅಂತಲೂ ನಿಮ್ಮ ಫ್ರೆಂಡ್‌ಗೆ ಹೇಳಿ.